ಬಚ್ಚಲಿಗೊಂದು ಭಯವಿಲ್ಲದ ದೀಪ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಎಲ್ಲರಿಗೂ ಕಷ್ಟ. ಮೇಷ್ಟರಿಗೆ ಇನ್ನೂ ಕಷ್ಟ. ನಾನು ಇಪ್ಪತ್ತಾರು ವರ್ಷದಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿರುವವನು. ಒದ್ದೆ ಕೈಯಲ್ಲಿ ಸ್ವಿಚ್ ಏಕೆ ಮುಟ್ಟಬಾರದು ಎಂಬ ಎರಡು ಅಂಕದ ಪ್ರಶ್ನೆಗೆ ಬಂದ ಉತ್ತರಗಳನ್ನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ. ‘ಸ್ವಿಚ್ ಕೆಟ್ಟುಹೋಗುತ್ತದೆ’ ಎಂದು ಬರೆದ ಹುಡುಗಿಗೆ ಸೊನ್ನೆ ಕೊಟ್ಟು, ‘ಸ್ವಿಚ್ ಅಲ್ಲಮ್ಮ, ನೀನು’ ಎಂದು ಕೆಂಪು ಶಾಯಿಯಲ್ಲಿ ಬರೆದದ್ದೂ ಉಂಟು. ಅಂಥ ನಾನು ನಮ್ಮ ತ್ಯಾಗರಾಜನಗರದ ಮನೆಯ ಬಚ್ಚಲಿಗೆ ದೀಪ ಕೊಳ್ಳಲು ಹೋಗಿ ಏನಾದೆ ಎಂಬುದನ್ನು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿ, ಶವರ್ ಇರುವ ಮೂಲೆಗೆ ಮಬ್ಬು ಗಾಜಿನ ಅಡ್ಡಗೋಡೆ ಕೂರಿಸಿದೆವು. ನೀರು ಹೊರಗೆ ಹಾರುವುದು ನಿಂತಿತು. ಅದರ ಜೊತೆಗೆ ಬೆಳಕು ಒಳಗೆ ಬರುವುದೂ ನಿಂತಿತು. ಬಾಗಿಲ ಮೇಲಿನ ಒಂದೇ ಬಲ್ಬು ಗಾಜಿನಾಚೆಗೆ ಉಳಿದುಬಿಟ್ಟಿತ್ತು. ನನಗೂ ನನ್ನ ಹೆಂಡತಿ ಸುಮಾಗೂ ಅದರಿಂದ ತೊಂದರೆಯಾಗಲಿಲ್ಲ. ಎಲ್ಲಿ ಏನಿದೆ ಎಂದು ಕೈಗೆ ಗೊತ್ತಿತ್ತು. ತೊಂದರೆಯಾದದ್ದು ಅಮ್ಮನಿಗೆ. ಎಪ್ಪತ್ತೊಂಬತ್ತು ವರ್ಷ, ಒಂದು ಕಣ್ಣು ಮಂಜು. ಒಂದು ಬೆಳಗ್ಗೆ ನೆಲಕ್ಕೆ ಬಿದ್ದಿದ್ದ ಸೋಪು ಕಾಣದೆ ಅದರ ಮೇಲೆ ಕಾಲಿಟ್ಟು ಜಾರಿದಳು. ಪುಣ್ಯಕ್ಕೆ ನಲ್ಲಿ ಕೈಗೆ ಸಿಕ್ಕಿ, ಮೊಣಕೈ ತರಚಿದ್ದರಲ್ಲೇ ಮುಗಿಯಿತು.

ಅಂದಿನಿಂದ ಅಮ್ಮ ಚಿಲಕ ಹಾಕಿಕೊಳ್ಳುವಂತಿಲ್ಲ, ಸುಮಾ ಹೊರಗೆ ನಿಂತು ಆಗಾಗ ಕೂಗಿ ಕೇಳುವುದು ಎಂದು ತೀರ್ಮಾನಿಸಿದೆವು. ಅಮ್ಮನನ್ನು ಕೇಳದೆ ಮಾಡಿದ ತೀರ್ಮಾನ. ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ನೆಗಡಿ, ಸ್ನಾನ ಬೇಡ ಎಂದಳು. ಮಾರನೆಯ ದಿನ ತಲೆನೋವು. ಐದನೆಯ ದಿನ ನನ್ನನ್ನು ಹತ್ತಿರ ಕೂರಿಸಿಕೊಂಡು ನಿಜ ಹೇಳಿದಳು.

“ಈ ವಯಸ್ಸಲ್ಲಿ ಕಾವಲು ಹಾಕಿಸ್ಕೊಂಡು ಸ್ನಾನ ಮಾಡೋಕೆ ನನ್ನ ಕೈಲಿ ಆಗಲ್ಲ ಕಣೋ. ಅಲ್ಲೊಂದು ದೀಪ ಹಾಕಿಸು, ಸಾಕು.”

ಆ ಸಂಜೆಯೇ ಜಯನಗರದ ದೀಪದಂಗಡಿಗೆ ಹೋದೆ. ತಲೆಯ ಮೇಲೆ ನೂರಾರು ದೀಪ ಉರಿಯುತ್ತಿರುವಾಗ ಮನುಷ್ಯನಿಗೆ ವಿವೇಕ ಉಳಿಯುವುದಿಲ್ಲ. ಸೀಲಿಂಗಿನೊಳಗೆ ಹುದುಗಿ ಕೂರುವಂಥ, ಚಿನ್ನದ ಬಣ್ಣದ ಅಂಚಿನ ನಾಲ್ಕು ದುಂಡು ದೀಪಗಳನ್ನು ಕಂಡು ಮರುಳಾದೆ. ಅಂಗಡಿಯವರು ಎಲ್ಲಿಗೆ ಸಾರ್ ಎಂದು ಕೇಳಿಯೂ ಇದ್ದರು. ಅಷ್ಟು ಚೆಂದದ ದೀಪದ ಎದುರು ಬಚ್ಚಲಿಗೆ ಎನ್ನಲು ಸಂಕೋಚವಾಗಿ, ಮನೆಗೆ ಎಂದುಬಿಟ್ಟೆ.

ಅವನ್ನು ಕೂರಿಸಲು ಅರೆಕೆರೆಯಿಂದ ರೇಣುಕಾ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಬಹಳ ವರ್ಷಗಳಿಂದ ವೈರಿಂಗ್ ಕೆಲಸವನ್ನೇ ಮಾಡಿಕೊಂಡು ಬಂದವರು. ನಾನು ವಿಜ್ಞಾನದ ಮೇಷ್ಟ್ರು ಎಂಬುದನ್ನು ಬಂದ ಕೂಡಲೇ ತಿಳಿಸಿದೆ. ಹಾಗಾದರೆ ಬೇಗ ಅರ್ಥವಾಗುತ್ತದೆ ಎಂದು ಅವರು ಪೆಟ್ಟಿಗೆಯನ್ನು ತಿರುಗಿಸಿ, ಅದರ ಮೇಲೆ ಸಣ್ಣಗೆ ಅಚ್ಚಾಗಿದ್ದ ‘ಐಪಿ ೨೦’ ಎಂಬುದನ್ನು ತೋರಿಸಿದರು. ಐಪಿ ಎಂದರೆ ಕಂಪ್ಯೂಟರಿಗೆ ಸಂಬಂಧಿಸಿದ್ದು ಎಂದಷ್ಟೇ ನನಗೆ ಗೊತ್ತಿತ್ತು. ದೀಪದಲ್ಲಿ ಮೊದಲ ಅಂಕಿ ಧೂಳು ತಡೆಯುವುದಕ್ಕೆ, ಎರಡನೆಯದು ನೀರು ತಡೆಯುವುದಕ್ಕೆ ಎಂದು ವಿವರಿಸಿದರು.

“ಎರಡನೇದು ಸೊನ್ನೆ ಇದೆ ನೋಡಿ ಸಾರ್. ನೀರು ತಡೆಯೋ ಶಕ್ತಿನೇ ಇಲ್ಲ. ಹಾಲ್‌ಗೆ ಹಾಕ್ಸಿ, ಚೆನ್ನಾಗಿರುತ್ತೆ.”

ಸೋಲೊಪ್ಪಲಿಲ್ಲ ನಾನು. ನೀರು ಬೀಳುವುದು ಕೆಳಕ್ಕೆ, ದೀಪ ಇರುವುದು ಮೇಲೆ ಎಂದು ಗುರುತ್ವಾಕರ್ಷಣೆಯನ್ನು ಸಾಕ್ಷಿಗೆ ಕರೆದೆ. “ಹಬೆ ಮೇಲಕ್ಕೆ ಹೋಗುತ್ತಲ್ಲ ಸಾರ್,” ಎಂದರು ರೇಣುಕಾ, ಬಹಳ ಮೆತ್ತಗೆ. ಅದು ಏಳನೇ ತರಗತಿಯ ಪಾಠ.

ಅಷ್ಟಕ್ಕೇ ಮುಗಿಯಲಿಲ್ಲ. ಮೀಟರ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಒಂದು ಸ್ವಿಚ್ ಇದೆ. ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಪುಟ್ಟ ಗುಂಡಿ. ರೇಣುಕಾ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಮನೆಯ ಫ್ಯಾನುಗಳೆಲ್ಲ ನಿಶ್ಚಿಂತೆಯಿಂದ ತಿರುಗುತ್ತಲೇ ಇದ್ದವು. ಕೊನೆಯ ಸಲ ಇದನ್ನು ಒತ್ತಿ ನೋಡಿದ್ದು ಯಾವಾಗ ಎಂದು ಕೇಳಿದರು. ಅದನ್ನು ಒತ್ತಬೇಕೆ ಎಂದು ನಾನು ಕೇಳಿದೆ. ಅವರು ಬಚ್ಚಲ ಕಡೆ ನೋಡಿ, “ಅಜ್ಜಿ ಸ್ನಾನ ಮಾಡೋದು ಇಲ್ಲೇ ಅಲ್ವಾ? ಮೊದಲು ಈ ಸ್ವಿಚ್ ಬದಲಾಯಿಸೋಣ, ಆಮೇಲೆ ದೀಪ,” ಎಂದರು. ಆ ಚಿನ್ನದ ಅಂಚಿನ ದೀಪವನ್ನು ಅಮ್ಮನ ನೆತ್ತಿಯ ಮೇಲೆ ನಾನೇ ಕೂರಿಸಹೊರಟಿದ್ದೆ.

ಮರುದಿನ ಅದೇ ಅಂಗಡಿಗೆ ಹೋಗಿ, ಬಚ್ಚಲಿಗೆ, ಶವರ್ ಮೇಲಕ್ಕೆ ಎಂದು ಸ್ಪಷ್ಟವಾಗಿ ಹೇಳಿದೆ. ಅವರೇನೂ ನಗಲಿಲ್ಲ. ‘ಐಪಿ ೬೫’ ಎಂದಿದ್ದ, ಗಾಜಿನ ಸುತ್ತ ರಬ್ಬರ್ ಬಳೆಯಿದ್ದ, ಹನ್ನೆರಡು ವೋಲ್ಟಿನ ಎರಡು ದೀಪ ಕೊಟ್ಟರು. ನೋಡಲು ಉಪ್ಪಿನಕಾಯಿ ಡಬ್ಬಿಯ ಮುಚ್ಚಳದಂತಿದ್ದವು. ರೇಣುಕಾ ಮಾತ್ರ ಅವನ್ನು ಕೈಯಲ್ಲಿ ಹಿಡಿದು ಚಿನ್ನ ನೋಡಿದಂತೆ ನೋಡಿದರು. ಮೀಟರ್ ಬೋರ್ಡಿನ ಸ್ವಿಚ್ ಬದಲಾಯಿಸಿ, ವೋಲ್ಟೇಜ್ ಇಳಿಸುವ ಪುಟ್ಟ ಪೆಟ್ಟಿಗೆಯನ್ನು ಬಚ್ಚಲಿನ ಹೊರಗೇ ಇಟ್ಟರು. ಆಮೇಲೆ, ನಮಗೆ ತೋಚದಿದ್ದ ಕೆಲಸವೊಂದನ್ನು ಮಾಡಿದರು: ಅಮ್ಮನನ್ನೇ ಕರೆದರು. ಅಮ್ಮ ಸೀರೆಯುಟ್ಟುಕೊಂಡೇ ಒಣ ಬಚ್ಚಲಿನಲ್ಲಿ ನಿಂತು, ಬಗ್ಗಿ, ಇಲ್ಲದ ಸೋಪನ್ನು ಎತ್ತಿ, ಇಲ್ಲದ ನೀರಿನಲ್ಲಿ ಸ್ನಾನ ಮಾಡಿ ತೋರಿಸಿದಳು. ರೇಣುಕಾ ಏಣಿಯ ಮೇಲಿಂದ ಟಾರ್ಚಿನ ಬೆಳಕು ಬಿಟ್ಟು, ಅಮ್ಮನ ನೆರಳು ಕಾಲಡಿಗೆ ಬೀಳದ ಜಾಗ ಹುಡುಕಿ, ಪೆನ್ಸಿಲಿನಲ್ಲಿ ಎರಡು ಗುರುತು ಹಾಕಿದರು. ಇಬ್ಬರೂ ನಗುತ್ತಿದ್ದರು. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಮರುದಿನ ಬೆಳಗ್ಗೆ ಅಮ್ಮ ಟವೆಲ್ ಹಿಡಿದು ಒಳಗೆ ಹೋದಳು. ಚಿಲಕದ ಸದ್ದು ಕೇಳಿತು. ನಾನೂ ಸುಮಾಳೂ ಹಾಲಿನಲ್ಲಿ ಪೇಪರ್ ಓದುವವರಂತೆ ಕುಳಿತೆವು. ಅರ್ಧ ಗಂಟೆಯಾಯಿತು. ಯಾರೂ ಕೂಗಲಿಲ್ಲ. ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು, ಊರು ಸುತ್ತಿ ಬಂದವಳ ಹಾಗೆ ಕಳೆಕಳೆಯಾಗಿ ಹೊರಗೆ ಬಂದಳು.

“ಚೆನ್ನಾಗಿ ಕಾಣತ್ತೆ ಕಣೋ. ಗಾಜಿನ ಬುಡದಲ್ಲಿ ಪಾಚಿ ಕಟ್ಟಿದೆ. ಬಚ್ಚಲು ತೊಳೆಯೋದು ಯಾರು?”

ಸುಮಾ ಪೇಪರಿನಿಂದ ತಲೆಯೆತ್ತದೆ ನನ್ನ ಕಡೆ ಬೆರಳು ತೋರಿಸಿದಳು.

ಪ್ರತಿ ಭಾನುವಾರ ಎರಡು ಬಕೆಟ್ ನೀರು ಸುರಿದು ಅದನ್ನೇ ತೊಳೆಯುವುದು ಎಂದು ನಾನು ಕರೆಯುತ್ತಿದ್ದೆ. ಈ ಭಾನುವಾರ ಒಂದು ಗಂಟೆ ಕೂತು ಉಜ್ಜಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು, ಎರಡೂ ದೀಪ ಹಾಕಿ, ಬಗ್ಗಿ ನೋಡಿ, ಇನ್ನೊಂದು ಸಲ ಉಜ್ಜು ಎಂದಳು. ಬೆಳಕು ಸ್ವಲ್ಪ ಕಡಿಮೆ ಮಾಡಲು ಬರುತ್ತದೆಯೇ ಎಂದು ರೇಣುಕಾ ಅವರಿಗೆ ಫೋನ್ ಮಾಡಿ ಕೇಳೋಣ ಅನ್ನಿಸಿತು. ಯಾಕೆ ಸಾರ್ ಎಂದು ಅವರು ಕೇಳಿದರೆ ಏನು ಹೇಳುವುದು ಎಂದು ತೋಚದೆ, ಬ್ರಷ್ ಎತ್ತಿಕೊಂಡೆ.