ಬ್ಯಾರಲ್ಲು ತಟ್ಟುವ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಯಾರ ಮಾತನ್ನೂ ನಂಬುವುದಿಲ್ಲ, ಬ್ಯಾರಲ್ಲಿನ ಮಾತೊಂದನ್ನು ಬಿಟ್ಟು! ಉತ್ಪ್ರೇಕ್ಷೆ ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಮಂಡ್ಯ ಜಿಲ್ಲೆಯ ಕೊಪ್ಪಕ್ಕೆ ಬನ್ನಿ. ಹಿತ್ತಿಲಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ನೀರಿನ ಬ್ಯಾರಲ್ಲಿನ ಪಕ್ಕ ತಲೆ ಓರೆ ಮಾಡಿ ನಿಂತಿರುವವರೇ ಅವರು. ಬೆರಳು ಮಡಚಿ ಮೇಲಿನಿಂದ ಕೆಳಕ್ಕೆ ಟಣ್, ಟಣ್, ಟಣ್ ಎಂದು ತಟ್ಟುತ್ತಾ ಬರುತ್ತಾರೆ. ಒಂದು ಕಡೆ ‘ಟಣ್’ ಹೋಗಿ ‘ದಬ್’ ಆಗುತ್ತದೆ. ಅಲ್ಲಿಗೆ ತೀರ್ಪು.

“ಏಳೂವರೆ ಬಿಂದ್ಗೆ!”

ಮುಚ್ಚಳ ತೆಗೆದು ನೋಡಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

“ಕಣ್ಣಲ್ಲಿ ಯಾವನ್ ಬೇಕಾರೂ ನೋಡ್ತನೆ ಕಣವ್ವ” ಅಂದರು.

ಈ ವಿದ್ಯೆ ಅವರಿಗೆ ಒಲಿದದ್ದು ಊರಿನ ಅಕ್ಕಿ ಮಿಲ್ಲಿನಲ್ಲಿ. ಇಪ್ಪತ್ತೆರಡು ವರ್ಷ ಅಲ್ಲಿಯ ಡೀಸೆಲ್ ಎಂಜಿನ್ ನೋಡಿಕೊಂಡರು. ಬ್ಯಾರಲ್ಲಿನಲ್ಲಿ ಎಷ್ಟು ಡೀಸೆಲ್ ಉಳಿದಿದೆ ಎಂದು ಕೋಲು ಇಳಿಸಿ ನೋಡಬೇಕಿತ್ತು. ಒಂದು ದಿನ ಯಾರೋ ಆ ಕೋಲನ್ನು ಒಲೆಗೆ ಹಾಕಿಬಿಟ್ಟರು. ದೊಡ್ಡಪ್ಪ ಬೆರಳಿನಲ್ಲೇ ಕೆಲಸ ಸಾಗಿಸಿದರು. ಮಿಲ್ಲು ಮುಚ್ಚಿದಾಗ ಒಂದು ಖಾಲಿ ಬ್ಯಾರಲ್ಲನ್ನು ಗಾಡಿಯಲ್ಲಿ ಮನೆಗೆ ತಂದು, ಎಂಟು ದಿನ ಉಜ್ಜಿ ತೊಳೆದು, ಅಡಿಯಲ್ಲೊಂದು ನಲ್ಲಿ ಕೂರಿಸಿ, ಹಿತ್ತಿಲ ಮೆಟ್ಟಿಲಿನ ಪಕ್ಕ ಕಲ್ಲಿನ ಮೇಲೆ ನಿಲ್ಲಿಸಿದರು. ದನಗಳಿಗೆ, ಬಟ್ಟೆ ಪಾತ್ರೆಗೆ ಅದರದೇ ನೀರು. ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ಕಿನದೂ ಒಂದಿದೆ. ಅದನ್ನು ಬ್ಯಾರಲ್ಲು ಅಂದೀರಿ, ಜೋಕೆ! ಅದು ಬರೀ ಡ್ರಮ್ಮು. “ನೆಗಡಿ ಆದೋನು ಮಾತಾಡ್ದಂಗಾಡ್ತದೆ” ಎಂಬುದು ಅವರ ದೂರು.

ಹಾಗೆಂದು ಬ್ಯಾರಲ್ಲುಗಳ ವಿಷಯದಲ್ಲಿ ಅವರು ಜಿಪುಣರೇನಲ್ಲ. ಅವರ ಪ್ರಕಾರ ಜಗತ್ತಿನಲ್ಲಿರುವುದು ಎರಡೇ: ಬ್ಯಾರಲ್ಲು, ಮತ್ತು ಅದರ ಒಳಗಿರುವುದು. ನನ್ನ ಡೈರಿಯ ಹಿಂದಿನ ಪುಟಗಳಲ್ಲಿ ‘ದೊಡ್ಡಪ್ಪ ಬ್ಯಾರಲ್ಲು ಎಂದು ಕರೆದವು’ ಎಂಬ ಪಟ್ಟಿಯಿದೆ. ಇಂದಿಗೆ ಮೂವತ್ತೊಂದು. ಬಂದೂಕಿನ ನಳಿಗೆ, ಬಾಲ್‌ಪೆನ್ನಿನ ಕೊಳವೆ ಇವೆರಡನ್ನು ಒಪ್ಪಬಹುದು, ಅವಕ್ಕೆ ಇಂಗ್ಲಿಷಿನಲ್ಲೂ ಅದೇ ಹೆಸರಂತೆ. ಹೆದ್ದಾರಿಯಲ್ಲಿ ಹೋಗುವ ಟ್ಯಾಂಕರು ಮಲಗಿದ ಬ್ಯಾರಲ್ಲು. ಮದ್ದಳೆ ಎರಡೂ ಕಡೆ ಬಾಯಿ ಮುಚ್ಚಿಸಿಕೊಂಡ ಬ್ಯಾರಲ್ಲು. ಬೋರ್‌ವೆಲ್ಲು ಭೂಮಿಗೆ ಹೂತ ಬ್ಯಾರಲ್ಲು. ಹತ್ತೊಂಬತ್ತನೆಯದು ಎದುರುಮನೆಯವರ ಹೊಟ್ಟೆ. ಮೂವತ್ತೊಂದನೆಯದು ನಾನು: “ಇವ್ಳು ಬರೀ ಪುಸ್ತಕ ತುಂಬ್ಕೊಂಡಿರೋ ಬ್ಯಾರಲ್ಲು!”

ನಾನು ಎಲ್ಲವನ್ನೂ ಬರೆದಿಡುವವಳು. ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಮನೆಯಿಂದ ಪ್ರತಿ ಭಾನುವಾರ ಕೊಪ್ಪಕ್ಕೆ ಹೋಗುತ್ತೇನೆ, ದೊಡ್ಡಮ್ಮನ ಕೈಯಡುಗೆಗಾಗಿ. ಹೋದ ಮೇಲೆ ಸುಮ್ಮನಿರಲಾದೀತೇ? ಜೂನ್ ತಿಂಗಳ ಮೊದಲ ಭಾನುವಾರ ದೊಡ್ಡಪ್ಪನ ವಿದ್ಯೆಗೆ ಪರೀಕ್ಷೆ ಇಡಲು ಹೊರಟೆ. ಖಾಲಿ ಬ್ಯಾರಲ್ಲಿಗೆ ಒಂದೊಂದೇ ಬಿಂದಿಗೆ ನೀರು ಸುರಿದು, ಪ್ರತಿ ಬಿಂದಿಗೆಗೂ ಒಂದು ಕೋಲಿನ ಮೇಲೆ ಉಗುರುಬಣ್ಣದಲ್ಲಿ ಗೆರೆ ಎಳೆದೆ. ಹದಿಮೂರು ಬಿಂದಿಗೆ, ಹದಿಮೂರು ಗೆರೆ. ಡೈರಿಯಲ್ಲಿ ಎರಡು ಕಾಲಂ: ‘ದೊಡ್ಡಪ್ಪ’, ‘ಕೋಲು’.

“ನಮ್ಮೂರ ಡೈರಿಗೆ ಆಲಾಕ್ತೀವಿ. ನಿನ್ ಡೈರಿಗೆ ಏನವ್ವ ಆಕೋದು?” ಎಂದು ದೊಡ್ಡಪ್ಪ ಕೇಳಿದರು.

“ನೀರು, ದೊಡ್ಡಪ್ಪ.”

“ಎಲ್ರೂ ಅದ್ನೇ ಆಕದು ಬುಡು!”

ಪರೀಕ್ಷೆಗೂ ಕ್ರಮವಿತ್ತು. ಒಂಬತ್ತು ಗಂಟೆಗೆ ತಟ್ಟಿ ಸಂಖ್ಯೆ ಕೂಗುವುದು. ಆಮೇಲೆ ಒಂದು ಗಂಟೆ ಯಾರೂ ಬ್ಯಾರಲ್ಲು ಮುಟ್ಟುವಂತಿಲ್ಲ; ತಟ್ಟಿಸಿಕೊಂಡ ನೀರು ಸುಧಾರಿಸಿಕೊಳ್ಳಬೇಕಂತೆ! ಅಷ್ಟರಲ್ಲಿ ದೊಡ್ಡಪ್ಪ ಎದುರುಮನೆಗೆ ಹೋಗಿ ಆ ಮನೆಯ ಯಜಮಾನರಾದ ತಮ್ಮ ಬಾಲ್ಯದ ಗೆಳೆಯರನ್ನು ಸಾಕ್ಷಿಗೆಂದು ಕರೆತರುತ್ತಿದ್ದರು. ಹತ್ತಕ್ಕೆ ಕೋಲು ಇಳಿಸುವುದು.

ಮೊದಲ ಹನ್ನೆರಡು ಭಾನುವಾರದಲ್ಲಿ ಹನ್ನೆರಡೂ ಸರಿ! ಒಂದು ವಾರವಂತೂ, “ಎಂಟು ಬಿಂದ್ಗೆ, ಒಂದು ಚೊಂಬು” ಅಂದರು. ಕೋಲು ನೋಡಿದರೆ ಎಂಟೇ ಗೆರೆ. ‘ಒಂದು ಚೊಂಬು ತಪ್ಪು’ ಎಂದು ನಾನು ಬರೆದುಕೊಳ್ಳುತ್ತಿದ್ದೆ. ದೊಡ್ಡಪ್ಪ ಅಂಗಿಯ ತೋಳು ಮಡಚಿ ಒಳಗೆ ಕೈಹಾಕಿ, ದೊಡ್ಡಮ್ಮ ನಾಲ್ಕು ದಿನದಿಂದ ಹುಡುಕುತ್ತಿದ್ದ ಹಿತ್ತಾಳೆ ಚೊಂಬನ್ನೇ ಎತ್ತಿ ತೋರಿಸಿದರು.

ಈ ಕೀರ್ತಿ ಅವರ ಬೆರಳಿಗೆ ಏರಿತು. ಚಿಕ್ಕರಸಿನಕೆರೆಯಲ್ಲಿ ಒಂದು ಬೀಗರ ಊಟಕ್ಕೆ ಹೋದಾಗ ಪಕ್ಕದಲ್ಲಿ ಕೂತ ಬೀಗರ ಹೊಟ್ಟೆಯನ್ನೇ ತಟ್ಟಿ, “ಇನ್ನೂ ಎರಡು ಮುದ್ದೆಗೆ ಜಾಗ ಅದೆ, ಬಡಿಸ್ಲಾ ಇವ್ರಿಗೆ!” ಎಂದು ಕೂಗಿದರು. ಬೀಗರು ತಿಂದರು. ಎರಡೇ ಮುದ್ದೆ. ಇನ್ನೊಮ್ಮೆ ದೊಡ್ಡಪ್ಪನಿಗೇ ಹೊಟ್ಟೆನೋವೆಂದು ಮಂಡ್ಯದ ಡಾಕ್ಟರ ಬಳಿ ಕರೆದುಕೊಂಡು ಹೋದರೆ, ಆ ಡಾಕ್ಟರು ಇವರ ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಬೆರಳಿನಿಂದ ಟಕ್ ಟಕ್ ಎಂದು ತಟ್ಟಿದರು! ದೊಡ್ಡಪ್ಪನ ಮುಖ ನೋಡಬೇಕಿತ್ತು. ಕಳೆದುಹೋದ ತಮ್ಮ ಸಿಕ್ಕಿದ ಹಾಗಿತ್ತು.

“ಎಷ್ಟದೆ ಡಾಕ್ಟ್ರೆ?”

“ಬರೀ ಗ್ಯಾಸು.”

“ಅಂಗಾರೆ ಕಾಲಿ ಅನ್ನಿ. ನೀವು ಯಾವ್ ಮಿಲ್ಲಲ್ಲಿ ಕಲ್ತಿದ್ದು?”

ಹದಿಮೂರನೇ ಭಾನುವಾರ ಮೊದಲ ತಪ್ಪು ಬಂತು. ಹೇಳಿದ್ದು ಐದು, ಇದ್ದದ್ದು ಏಳು. ಬ್ಯಾರಲ್ಲಿಗೆ ತುಕ್ಕು ಹಿಡಿದಿದೆ ಅಂದರು. ಮುಂದಿನ ವಾರ ಸರಿ, ಅದರ ಮುಂದಿನ ಎರಡು ವಾರ ತಪ್ಪು. ಅಷ್ಟರಲ್ಲಿ ನಾನು ಬೇರೆ ಕೆಲವು ಸಂಗತಿಗಳನ್ನೂ ಗುರುತು ಹಾಕಿಕೊಂಡಿದ್ದೆ. ಅವರ ಮನೆಯ ಟಿವಿ ಈಗ ಬಸ್‌ಸ್ಟಾಪಿನವರೆಗೆ ಕೇಳಿಸುತ್ತಿತ್ತು. ಒಂದು ಊಟದಲ್ಲಿ ಅವರು “ಆಂ?” ಎಂದದ್ದು ಹದಿನಾಲ್ಕು ಸಲ. ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಅಬ್ಬರಿಸಿದ ಆ ಎಂಜಿನ್ನು, ಕೊಟ್ಟ ವಿದ್ಯೆಯನ್ನು ಸದ್ದಿಲ್ಲದೆ ವಾಪಸು ಪಡೆಯುತ್ತಿತ್ತು.

“ಕಿವಿ ಡಾಕ್ಟರ ಹತ್ತಿರ ಹೋಗೋಣ್ವಾ ದೊಡ್ಡಪ್ಪ?” ಎಂದು ಕೂಗಿ ಕೇಳಿದೆ.

“ಕಿವಿಗೇನಾಗದೆ? ಮಿಸಿನ್ನು ಸಿಗಾಕ್ಸೋಕೆ ನಾನೇನು ಬೋರ್‌ವೆಲ್ಲಾ?”

ಮತ್ತೂ ಒಂದು ವಾರ ತಪ್ಪಿತು. ಅಂದು ಎದುರುಮನೆಯವರು ಸುಮ್ಮನಿರಲಿಲ್ಲ.

“ಸಾಕು ಬುಡ್ಲಾ, ಇನ್ನು ಮುಚ್ಚಳ ತಗ್ದು ನೋಡು. ವಯಸ್ಸಾಯ್ತು.”

ದೊಡ್ಡಪ್ಪ ನಗಲಿಲ್ಲ. ಬ್ಯಾರಲ್ಲಿನ ಮೇಲೆ ಕೈಯಿಟ್ಟರು. “ಮುಂದಿನ್ ಬಾನುವಾರ ತಪ್ಪಿದ್ರೆ ಇದ್ನ ಗುಜರಿಗೆ ಆಕ್ಬುಡ್ತೀನಿ. ಕೇಳ್ಸದೇ ಇರೋನ್ಗೆ ಮಾತಾಡೋ ಬ್ಯಾರಲ್ಲು ಯಾಕ್ಲಾ?”

ಆ ವಾರವಿಡೀ ನನಗೆ ಕಸಿವಿಸಿ. ಈ ಪರೀಕ್ಷೆಯನ್ನು ಶುರುಮಾಡಿದವಳು ನಾನೇ ತಾನೇ? ಕೋಲಿಲ್ಲದಿದ್ದರೆ ತಪ್ಪೆಂದು ಯಾರಿಗೆ ತಿಳಿಯುತ್ತಿತ್ತು? ಭಾನುವಾರ ಮೊದಲ ಬಸ್ಸು ಹಿಡಿದೆ. ಎಂಟು ಐವತ್ತಕ್ಕೆ ಯಾರೂ ಇಲ್ಲದಾಗ ಕೋಲು ಇಳಿಸಿದೆ: ಆರೂವರೆ. ದೊಡ್ಡಪ್ಪನಿಗೆ ಹೇಗಾದರೂ ಸನ್ನೆ ಮಾಡಬೇಕೆಂದು ಬೆರಳುಗಳನ್ನು ಸಿದ್ಧಮಾಡಿಕೊಂಡು ನಿಂತೆ. ಆರು ಬೆರಳು ಸರಿ, ಅರ್ಧ ಬೆರಳು ತೋರಿಸುವುದು ಹೇಗೆ? ಅವರೋ ನನ್ನತ್ತ ನೋಡಲೇ ಇಲ್ಲ. ಕಿವಿಯನ್ನು ಬ್ಯಾರಲ್ಲಿಗೆ ಅಂಟಿಸಿಕೊಂಡು, ಕಣ್ಣು ಮುಚ್ಚಿ, ಎಂದಿಗಿಂತ ಮೂರು ಪಟ್ಟು ಹೊತ್ತು ತಟ್ಟಿದರು.

“ಒಂಬತ್ತು!”

ಮುಗಿಯಿತು ಅಂದುಕೊಂಡೆ. ಅವರು ಎದುರುಮನೆಗೆ ಹೋದರು. ನಾನು ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತೆ. ಹತ್ತಕ್ಕೆ ಎಲ್ಲರೂ ಹಿತ್ತಿಲಿಗೆ ಬಂದರು. ಕೋಲು ಇಳಿಸಿ, ಎತ್ತಿ ನೋಡಿದೆ.

ಒಂಬತ್ತನೇ ಗೆರೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!

“ನೋಡ್ದೇನ್ಲಾ!” ಎಂದು ದೊಡ್ಡಪ್ಪ ಗೆಳೆಯರ ಬೆನ್ನು ತಟ್ಟಿದರು. ಬೆನ್ನಿನೊಳಗೆ ಎಷ್ಟಿತ್ತೋ, ಅದನ್ನು ಹೇಳಲಿಲ್ಲ. ನಾನು ದೊಡ್ಡಮ್ಮನ ಕಡೆ ತಿರುಗಿದೆ. ಅವರ ಸೀರೆ ಮೊಣಕಾಲಿನವರೆಗೆ ಒದ್ದೆ. ಪಕ್ಕದ ತೊಟ್ಟಿಯಲ್ಲಿ ನೀರು ಇಳಿದಿತ್ತು, ಬಿಂದಿಗೆ ಮಗುಚಿ ಬಿದ್ದಿತ್ತು.

ಗಂಡಸರು ಹೊರಗೆ ಹೋದ ಮೇಲೆ, “ದೊಡ್ಡಮ್ಮಾ, ಆರೂವರೆ ಇತ್ತು” ಎಂದು ಪಿಸುಗುಟ್ಟಿದೆ.

“ಒಂಬತ್ತು ಅಂತ ಬರ್ಕೊ.”

“ಸುಳ್ಳಾಗಲ್ವಾ?”

ದೊಡ್ಡಮ್ಮ ಸೆರಗು ಹಿಂಡುತ್ತಾ ಅಂದರು: “ಮೂವತ್ತೊಂಬತ್ತು ವರ್ಸದಿಂದ ನಿಮ್ ದೊಡ್ಡಪ್ಪ ನಾನ್ ಮಾಡಿದ್ ಸಾರಿಗೆ ಉಪ್ಪು ಸರಿಯಾಗದೆ ಅಂತವ್ರೆ. ದಿನಾ ಸರಿಯಾಗಿರ್ತದೇನವ್ವ?”

ಒಂಬತ್ತು ಎಂದು ಬರೆದುಕೊಂಡೆ. ಆದರೂ ಅಭ್ಯಾಸಬಲ; ಅಂದಿನಿಂದ ಯಾರಿಗೂ ತೋರಿಸದ ಮೂರನೇ ಕಾಲಂ ಒಂದನ್ನು ಶುರುಮಾಡಿದೆ. ಎಂಟು ಐವತ್ತರ ನಿಜವಾದ ಅಳತೆ ಅದರಲ್ಲಿರುತ್ತದೆ. ದೊಡ್ಡಪ್ಪ ಒಮ್ಮೆ ಹೆಚ್ಚು ಹೇಳುತ್ತಿದ್ದರು, ಒಮ್ಮೆ ಕಡಿಮೆ. ಹೆಚ್ಚು ಹೇಳಿದರೆ ದೊಡ್ಡಮ್ಮ ತೊಟ್ಟಿಯಿಂದ ಬಿಂದಿಗೆ ಬಿಂದಿಗೆ ಎತ್ತಿ ಸುರಿಯುತ್ತಿದ್ದರು. ನಾನು ಹೊರಟರೆ ತಡೆಯುತ್ತಿದ್ದರು. ಅದು ಅವರದೇ ಕೆಲಸವಂತೆ.

ಆರನೇ ವಾರ ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಾ “ಅಮ್ಮಾ” ಎಂದು ನರಳಿದರು. ದೊಡ್ಡಪ್ಪ ಆಗ ಟವೆಲ್ಲು ಹುಡುಕುತ್ತಾ ಹಿಂದಕ್ಕೆ ಬಂದಿದ್ದರು. ಮಗುಚಿದ ಬಿಂದಿಗೆಯ ಪಕ್ಕ ಬಿದ್ದಿದ್ದ ಅದನ್ನು ಎತ್ತಿಕೊಂಡು ಹೋದರು. ನರಳಿದ್ದು ಅವರಿಗೆ ಕೇಳಿಸುವ ಹಾಗೂ ಇರಲಿಲ್ಲ.

ಅಲ್ಲಿಂದೀಚೆಗೆ ಒಂಬತ್ತು ಭಾನುವಾರ ಕಳೆದಿವೆ. ಮೂರನೇ ಕಾಲಮ್ಮನ್ನು ಮೊನ್ನೆ ಎರಡೆರಡು ಸಲ ತಾಳೆ ನೋಡಿದೆ. ಒಂಬತ್ತು ಸಲವೂ ದೊಡ್ಡಪ್ಪ ಹೇಳಿದ್ದು ಇದ್ದದ್ದಕ್ಕಿಂತ ಕಡಿಮೆ. ಒಮ್ಮೆಯೂ ಹೆಚ್ಚಿಲ್ಲ.

ಕಳೆದ ಭಾನುವಾರ ಹನ್ನೊಂದು ಇತ್ತು. ದೊಡ್ಡಪ್ಪ ತಲೆ ಓರೆ ಮಾಡಿ ತಟ್ಟಿದರು. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ ದೊಡ್ಡಮ್ಮನ ಮಂಡಿಯನ್ನೊಮ್ಮೆ ನೋಡಿದರು.

“ಏಳು!”

“ಏಳೇಯಾ? ಸರಿಯಾಗ್ ಕೇಳಿ!” ದೊಡ್ಡಮ್ಮ ಗಟ್ಟಿಯಾಗಿ ಕೂಗಿದರು.

“ಏಳೇ ಕಣೆ. ಬ್ಯಾರಲ್ಲು ಸುಳ್ಳೇಳ್ತದಾ?” ಎಂದು ಟವೆಲ್ಲು ಕೊಡವಿಕೊಂಡು ಎದುರುಮನೆಯ ಕಡೆ ಹೊರಟರು.

ದೊಡ್ಡಮ್ಮ ಕೂತಲ್ಲಿಂದಲೇ ಕೈಚಾಚಿ ಬ್ಯಾರಲ್ಲಿನ ನಲ್ಲಿ ತಿರುಗಿಸಿದರು. ನೀರು ಸಣ್ಣಗೆ ಸದ್ದು ಮಾಡುತ್ತಾ ತೆಂಗಿನ ಬುಡಕ್ಕೆ ಹರಿಯಿತು.