ಪುಟ್ಟಿ ಕೆಳಗಿನ ಜಗಳ

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದು ಸಾಲೂ ಬರೆದವರಲ್ಲ. ಅದು ನಮ್ಮಂಥ ಬರಹಗಾರರ ಪುಣ್ಯ! ಅವರೇನಾದರೂ ಕಾದಂಬರಿ ಬರೆಯಲು ಕೂತಿದ್ದರೆ ನಾವೆಲ್ಲ ಪೆನ್ನು ಮುಚ್ಚಿಟ್ಟು ಮಂಡಕ್ಕಿ ಅಂಗಡಿ ಇಡಬೇಕಾಗುತ್ತಿತ್ತು. ಈಗಲೂ ಯಾರಾದರೂ ನನ್ನನ್ನು ಸಭೆಗೆ ಕರೆದು 'ಕಾದಂಬರಿಯಲ್ಲಿ ಸಂಘರ್ಷದ ಮಹತ್ವ' ಎಂದು ವಿಷಯ ಕೊಟ್ಟರೆ, ಕನ್ನಡಕ ಸರಿಪಡಿಸಿಕೊಂಡು ಭಾರೀ ಗಂಭೀರವಾಗಿ ಮಾತಾಡುತ್ತೇನೆ. ಸಭಿಕರು ತಲೆದೂಗುತ್ತಾರೆ. ಆ ಮಾತೆಲ್ಲ ನ್ಯಾಮತಿಯ ಒಂದು ಬೀದಿ ನಲ್ಲಿಯ ಮುಂದಿನಿಂದ ಎತ್ತಿಕೊಂಡು ಬಂದದ್ದು ಎಂದು ಅವರಿಗೇನು ಗೊತ್ತು!

ಎಪ್ಪತ್ತರ ದಶಕದ ಕೊನೆಯ ಮಾತು. ಸವಳಂಗದ ಶಾಲೆಯಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತ್ತು. ಚನ್ನಗಿರಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಕಷ್ಟವೆಂದು ಅಪ್ಪ ನನ್ನನ್ನು ನ್ಯಾಮತಿಯಲ್ಲಿದ್ದ ತಮ್ಮ ತಂಗಿಯ ಮನೆಯಲ್ಲಿ ಬಿಟ್ಟರು. ಬಿಟ್ಟು ಹೋಗುವಾಗ, "ನಿಮ್ಮತ್ತೆ ಬಾಯಿ ಸ್ವಲ್ಪ ಜೋರು ಕಣಪ್ಪ, ಮನಸ್ಸು ಒಳ್ಳೇದು" ಎಂದರು. ಸ್ವಲ್ಪ ಜೋರಂತೆ! ಹೊನ್ನಾಳಿಯ ಹೊಳೆ ತೋರಿಸಿ ಸ್ವಲ್ಪ ನೀರೈತೆ ಅಂದ ಹಾಗೆ.

ಅತ್ತೆಗೆ ಬೆಳಿಗ್ಗೆ ಎದ್ದರೆ ಜಗಳ ಬೇಕು. ಅದಕ್ಕೆ ಮನೆಯಲ್ಲಿ ಗಂಡ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು, ಆದರೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಮಾವನದು ಬಟ್ಟೆ ಅಂಗಡಿ. ಗಿರಾಕಿ ಹೇಳಿದ್ದಕ್ಕೆಲ್ಲ ಹೂಂ ಎಂದು ಎಂದು ಅವರ ನಾಲಿಗೆಗೆ ಬೇರೆ ಮಾತೇ ಮರೆತುಹೋಗಿತ್ತು.

"ಸಾರಿಗೆ ಉಪ್ಪು ಜಾಸ್ತಿ ಆಗೈತೇನ್ರಿ?"

"ಹೂಂ, ಆಗೈತೆ."

"ಎಲ್ಲಿ ಆಗೈತೆ? ಸರಿಯಾಗೇ ಐತೆ!"

"ಹೂಂ, ಸರಿಯಾಗೇ ಐತೆ."

ಇಂಥವರ ಜೊತೆ ಸಂಸಾರ ಮಾಡಬಹುದು. ಜಗಳ ಆಡಲಿಕ್ಕಾಗುತ್ತದೆಯೇ? ಹಾಗಾಗಿ ಅತ್ತೆ ಪಕ್ಕದ ಮನೆಯವರನ್ನು ಗೊತ್ತು ಮಾಡಿಕೊಂಡಿದ್ದರು. ತ್ಯಾವಣಿಗೆಯಿಂದ ಮದುವೆಯಾಗಿ ಬಂದ ಆಕೆಯನ್ನು ಓಣಿಯವರೆಲ್ಲ ತ್ಯಾವಣಿಗೆಯಮ್ಮ ಎನ್ನುತ್ತಿದ್ದರು. ಎರಡೂ ಮನೆಗೆ ಒಂದೇ ಗೋಡೆ, ಒಂದೇ ಜಗುಲಿ, ಎದುರಿಗೇ ಬೀದಿ ನಲ್ಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬರುವ ಮೊದಲೇ ಓಣಿಯವರು ತಮ್ಮ ತಮ್ಮ ಕೊಡ ಸಾಲಾಗಿ ಇಟ್ಟು ಒಳಗೆ ಹೋಗುವ ಪದ್ಧತಿ. ಕೊಡ ನಿಂತರೆ ಮನುಷ್ಯರೇ ನಿಂತ ಲೆಕ್ಕ. ತಿರುಗಿ ಬರುವಷ್ಟರಲ್ಲಿ ಅತ್ತೆಯ ತಾಮ್ರದ ಕೊಡ ಒಂದು ಮೊಳ ಹಿಂದಕ್ಕೆ ಹೋಗಿರುತ್ತಿತ್ತು, ಇಲ್ಲವೇ ತ್ಯಾವಣಿಗೆಯಮ್ಮನ ಹಿತ್ತಾಳೆ ಕೊಡ ಒಂದು ಮೊಳ ಮುಂದಕ್ಕೆ ಬಂದಿರುತ್ತಿತ್ತು. ಆಮೇಲೆ ಕೇಳಬೇಕೆ! ನಾನು ಸವಳಂಗದ ಬಸ್ಸು ಹತ್ತುವಾಗ ಶುರುವಾದದ್ದು, ಶಾಲೆ ಮುಗಿಸಿ ಬಂದಾಗಲೂ ನಡೆದಿರುತ್ತಿತ್ತು.

ಆದರೆ ಒಂದು ಕಟ್ಟಳೆ ಇತ್ತು. ದೀಪ ಹಚ್ಚುವ ಹೊತ್ತಿಗೆ ಜಗಳ ಕೂಡದು, ಲಕ್ಷ್ಮಿ ಹೊಸಿಲಿಂದಲೇ ಹಿಂದಿರುಗುತ್ತಾಳೆ. ಹಾಗೆಂದು ಅರ್ಧ ಆಡಿದ ಜಗಳ ಬಿಸಾಕಲಾದೀತೇ? ಇಬ್ಬರಲ್ಲಿ ಒಬ್ಬರು ಒಂದು ಬಿದಿರು ಪುಟ್ಟಿ ತಂದು ಜಗುಲಿಯ ನಡುವೆ ಬೋರಲು ಹಾಕುತ್ತಿದ್ದರು. ಜಗಳ ಅದರ ಕೆಳಗೆ! ಆಮೇಲೆ ಅದೇ ಬಾಯಿಂದ "ಅಕ್ಕಾ, ಸ್ವಲ್ಪ ಹೆಪ್ಪು ಐತೇನು?" "ತಗಳ್ರಿ, ಹುಳಿ ಜಾಸ್ತಿ ಐತೆ." ಬೆಳಿಗ್ಗೆ ಯಾರಿಗೆ ಸಿಟ್ಟು ಉಳಿದಿತ್ತೋ ಅವರು ಪುಟ್ಟಿ ಎತ್ತುತ್ತಿದ್ದರು. ನಿಂತ ಮಾತಿನಿಂದಲೇ ಮುಂದುವರಿಯುತ್ತಿತ್ತು. ಒಂದು ಅಕ್ಷರ ಆಚೀಚೆ ಇಲ್ಲ.

ಇಂಥ ಮನೆಯಲ್ಲಿ ಕೂತು ನಾನು ಕಾದಂಬರಿ ಬರೆಯಲು ಶುರು ಮಾಡಿದೆ, ನನ್ನ ಧೈರ್ಯ ನೋಡಿ! ವಾರಪತ್ರಿಕೆಗೆ ಕಳಿಸುವ ಆಸೆ. ಸಂಜೆ ಅತ್ತೆ ಶೇಂಗಾ ಸುಲಿಯುತ್ತ ಕೂತರೆ ನಾನು ಓದಿ ಹೇಳುವುದು. ಹುಡುಗ ಹುಡುಗಿಯನ್ನು ಮೆಚ್ಚಿದ. ಹುಡುಗಿಯೂ ಮೆಚ್ಚಿದಳು. ಅಪ್ಪ ಒಪ್ಪಿದರು, ಅವ್ವ ಒಪ್ಪಿದರು, ಜಾತಕ ಕೂಡಿತು. ಅತ್ತೆಯ ಕೈ ನಿಂತಿತು.

"ಎಲ್ಲಾರೂ ಒಪ್ಪಿದ್ರು. ಮತ್ತೆ ನಮ್ಮನ್ನ ಯಾಕೆ ಕೂರಿಸ್ಕೊಂಡಿ? ಊಟಕ್ಕೆ ಹಾಕ್ತಿಯೇನು? ಇದು ಕಾದಂಬರಿ ಅಲ್ಲಲೇ, ಲಗ್ನಪತ್ರಿಕೆ!"

ನನಗೆ ರೋಷ ಬಂತು. ಒಬ್ಬ ದುಷ್ಟನನ್ನು ಹುಟ್ಟಿಸಿದೆ. ಗಿರಿಜಾ ಮೀಸೆ, ಕೆಂಪು ಕಣ್ಣು, ಉಸಿರಾಡಿದರೂ ಮೋಸ. ಅತ್ತೆ ಒಂದು ಅಧ್ಯಾಯ ತಾಳಿಕೊಂಡರು. "ಪಾಪ, ಬೆಳಿಗ್ಗಿಂದ ಸಂಜೆ ತಂಕ ಬರೀ ಕೆಟ್ಟ ಕೆಲಸಾನೇ ಮಾಡಾಕೆ ಆಗ್ತೈತೇನೋ ಅವನಿಗೆ? ನಡುವೆ ಒಂದು ಲೋಟ ಚಾ ಕುಡಿಯಾಕಾದ್ರೂ ಬಿಡು" ಎಂದರು. ಮಾವ ಮೂಲೆಯಿಂದ ಹೂಂ ಎಂದರು. ಕೊನೆಗೆ ನಾನು ಹೊನ್ನಾಳಿಯ ಹೊಳೆಗೆ ಪ್ರವಾಹ ತರಿಸಿ ನಾಯಕನನ್ನು ಅದರಲ್ಲಿ ಬೀಳಿಸಿಯೇಬಿಟ್ಟೆ. ಇನ್ನೇನು ಬೇಕು?

"ಹೊಳೆ ಜೊತೆ ಯಾರು ಜಗಳ ಆಡ್ತಾರಲೇ? ಹೊಳೆ ತಿರುಗಿ ಬೈತೈತೇನು?" ಎಂದರು ಅತ್ತೆ. "ನಲ್ಲಿ ಹತ್ರ ಬಂದು ನೋಡು. ನನ್ನ ಮನೇಲೂ ನೀರಿಲ್ಲ, ಆಕಿ ಮನೇಲೂ ನೀರಿಲ್ಲ. ನಂದೂ ಖರೆ, ಆಕಿದೂ ಖರೆ. ಇಬ್ಬರಿಗೂ ಬೇಕು. ಬೇಕು ಅನ್ನೋದು ಇಲ್ಲದಿದ್ರೆ ಯಾವ ಜಗಳ, ಯಾವ ಕಥೆ? ಆಮ್ಯಾಲೆ ಅಧ್ಯಾಯ ಮುಗಿಸಿದೆಲ್ಲ, ಪುಟ್ಟಿ ಎಲ್ಲೈತೆ? ನಾಳೆ ಏನಾಗ್ತೈತೋ ಅಂತ ನನಗೆ ಅನ್ನಿಸಬ್ಯಾಡೇನು?"

ಅತ್ತೆಯ ಮಾತೆಲ್ಲ ಸರಿ ಎಂದು ತಿಳಿಯಬೇಡಿ. ಜಗಳೂರಿನ ನೆಂಟರ ಮದುವೆಗೆ ಹೊರಟಾಗ, ಬಸ್ಸಿನ ಸೀಟಿನ ಮೇಲೆ ಬೇರೊಬ್ಬರು ಕಿಟಕಿಯಿಂದ ಹಾಕಿದ್ದ ಟವೆಲ್ಲನ್ನು ಪಕ್ಕಕ್ಕೆ ಸರಿಸಿ ಕೂತವರು ಇವರೇ. ತಪ್ಪು ನೂರಕ್ಕೆ ನೂರು ಇವರದು! ಟವೆಲ್ಲಿನ ಒಡತಿಯೂ ಗಟ್ಟಿಗಿತ್ತಿ. ದಾರಿಯುದ್ದಕ್ಕೂ ಕಂಡಕ್ಟರ್ ಕಿವಿ ಮುಚ್ಚಿಕೊಂಡೇ ಟಿಕೆಟ್ ಹರಿದ. ಇಳಿಯುವಾಗ ಅತ್ತೆ ಆಕೆಯ ಕೈ ಹಿಡಿದು, "ನ್ಯಾಮತಿ ಕಡೆ ಬಂದ್ರೆ ಮನೆಗೆ ಬರ್ರಿ, ಉಳಿದದ್ದು ಅಲ್ಲೇ ಆಡಾನ" ಎಂದರು. ಆಕೆ ನಿಜಕ್ಕೂ ಬಂದರು, ಶೇಂಗಾ ಹೋಳಿಗೆ ಕಟ್ಟಿಕೊಂಡು.

ಹೀಗಿರುವಾಗ ತ್ಯಾವಣಿಗೆಯಮ್ಮನ ಯಜಮಾನರು ಇದ್ದಕ್ಕಿದ್ದಂತೆ ತೀರಿಕೊಂಡರು. ಹಿಂದಿನ ಸಂಜೆಯಷ್ಟೇ ಕೊಡದ ಜಗಳ ಪುಟ್ಟಿಯ ಕೆಳಗೆ ಹೋಗಿತ್ತು. ಪುಟ್ಟಿ ಹಾಗೇ ಉಳಿಯಿತು.

ಕಾರ್ಯಗಳೆಲ್ಲ ಮುಗಿದವು, ಬಂದವರೆಲ್ಲ ಹೋದರು. ತ್ಯಾವಣಿಗೆಯಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತವರು ಕೂತೇಬಿಟ್ಟರು. ಉಂಡರೆ ಉಂಡರು, ಬಿಟ್ಟರೆ ಬಿಟ್ಟರು. ಮೈ ಇಳಿದುಹೋಯಿತು. ಮಗ ಡಾಕ್ಟರನ್ನು ಕರೆಸಿದ. ರೋಗ ಏನೂ ಇಲ್ಲ, ಆಕೆಗೇ ಮನಸ್ಸು ಬರಬೇಕು ಎಂದು ಅವರು ಹೇಳಿ ಹೋದರು. ಓಣಿಯವರೆಲ್ಲ ಪಾಪ ಎಂದರು. ಪಾಪ ಎಂದು ಹಿತ್ತಾಳೆ ಕೊಡವನ್ನು ತಾವೇ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟರು, ತುಂಬಿಸಿಯೂ ಕೊಟ್ಟರು. ಆ ಜಾಗಕ್ಕಾಗಿ ವರ್ಷಗಟ್ಟಲೆ ಕಾದಾಡಿದ ಹೆಂಗಸು ಅತ್ತ ತಿರುಗಿಯೂ ನೋಡಲಿಲ್ಲ.

ಅತ್ತೆ ನನ್ನ ಕಾದಂಬರಿ ಕೇಳುವುದನ್ನು ಬಿಟ್ಟರು. ಮಾಡಿದ ರೊಟ್ಟಿ, ಪಲ್ಯ ಗೋಡೆಯಾಚೆ ಹೋಗಿ ಮುಟ್ಟದೆ ವಾಪಸ್ಸು ಬರುತ್ತಿತ್ತು. ಆ ತಟ್ಟೆ ನೋಡಿ ಅವರು ಒಂದು ಸಂಜೆ, "ಆಕಿಗೆ ಏನೂ ಬ್ಯಾಡಾಗೈತೆ ಕಣೋ, ಹಿಂಗಾದ್ರೆ ಉಳಿಯಾಕಿಲ್ಲ ಆಕಿ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು.

ಮರುದಿನ ಭಾನುವಾರ. ಸಂಜೆ ನಲ್ಲಿಯಲ್ಲಿ ನೀರು ಬರುವ ಹೊತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೋದವರೇ ಹಿತ್ತಾಳೆ ಕೊಡವನ್ನು ಮುಂದಿನಿಂದ ಎತ್ತಿ ಸಾಲಿನ ಕಟ್ಟಕಡೆಗೆ ದಡಕ್ಕನೆ ಇಟ್ಟರು. ಜಗುಲಿಗೆ ಬಂದು ಧೂಳು ಹಿಡಿದ ಪುಟ್ಟಿ ಎತ್ತಿದರು.

"ಏನೇ, ಅವತ್ತು ನನ್ನ ಕೊಡ ಹಿಂದಕ್ಕೆ ತಳ್ಳಿದ್ದೆಲ್ಲ, ಇವತ್ತು ನಿಂದು ಎಲ್ಲೈತೆ ನೋಡು!"

ಓಣಿ ದಂಗಾಯಿತು. ತ್ಯಾವಣಿಗೆಯಮ್ಮ ತಲೆ ಎತ್ತದೆ, "ಇರ್ಲಿ ಬಿಡಕ್ಕ" ಎಂದರು.

"ಇರ್ಲಿ ಬಿಡು ಅಂದ್ರೆ ಬಿಡಾಕೆ ನಾನೇನು ನಿಮ್ಮ ತವರಿನೋಳೇನು? ತ್ಯಾವಣಿಗೆಯೋರೇ ಹಂಗೆ. ಬಾಯಿ ಇರೋ ತಂಕ ಹಾರಾಡ್ತಾರೆ, ಆಮ್ಯಾಲೆ ಮೂಲೆ ಸೇರ್ತಾರೆ!"

ಸಾಲಿನಲ್ಲಿದ್ದ ಒಬ್ಬ ಹಿರಿಯಾಕೆ, "ಗಂಡನ್ನ ಕಳ್ಕೊಂಡಾಕಿ ಮುಂದೆ ಇಂಥ ಮಾತೇನು? ಮನುಷ್ಯತ್ವ ಐತೇನ್ರಿ ನಿಮಗೆ? ನೋಡ್ರಿ ಯಜಮಾನ್ರೇ, ನೀವಾದ್ರೂ ಹೇಳ್ರಿ" ಎಂದರು. ಮಾವ ಬಾಗಿಲಲ್ಲಿ ನಿಂತಿದ್ದರು. ಅವರು ಹೂಂ ಎನ್ನಲಿಲ್ಲ!

"ನೀವು ಸುಮ್ನಿರ್ರಿ. ಆಕಿ ಆಡ್ಲಿ" ಎಂದರು.

ಅಷ್ಟರಲ್ಲಿ ಕಂಬದ ಕಡೆಯಿಂದ ದನಿ ಬಂತು. "ತವರಿನ ಸುದ್ದಿಗೆ ಬರಬ್ಯಾಡ."

"ಬಂದ್ರೆ ಏನ್ ಮಾಡ್ತಿ?"

ತ್ಯಾವಣಿಗೆಯಮ್ಮ ಕಂಬ ಹಿಡಿದು ಎದ್ದರು. ನಿಧಾನಕ್ಕೆ ಇಳಿದು ಹೋಗಿ, ತಮ್ಮ ಕೊಡ ತಾವೇ ಎತ್ತಿಕೊಂಡು ಬಂದು, ಅತ್ತೆಯ ತಾಮ್ರದ ಕೊಡವನ್ನು ಕಾಲಲ್ಲಿ ಸರಿಸಿ ಅದರ ಮುಂದೆ ಇಟ್ಟರು. ಆಮೇಲೆ ಬಾಯಿ ತೆರೆದರು ನೋಡಿ! ಅಷ್ಟು ದಿನದ್ದು ಒಮ್ಮೆಗೇ ಬಂತು. ಅರ್ಧ ಬೈಗುಳ, ಅರ್ಧ ಅಳು. ಕೊಡದ ಮಾತು, ತವರಿನ ಮಾತು, ಹೇಳದೆ ಕೇಳದೆ ಹೋದ ಗಂಡನ ಮಾತು, ಎಲ್ಲವನ್ನೂ ಅತ್ತೆಯ ಮುಖಕ್ಕೇ ಆಡಿದರು. ಅತ್ತೆ ನಡುನಡುವೆ ಎದುರು ಮಾತು ಕೊಡುತ್ತ ಒಂದು ಹೆಜ್ಜೆಯೂ ಹಿಂದೆ ಸರಿಯದೆ ನಿಂತರು.

ಮನೆಗಳಲ್ಲಿ ದೀಪ ಹತ್ತಿದವು. ತ್ಯಾವಣಿಗೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಪುಟ್ಟಿ ಎತ್ತಿ ಜಗುಲಿಯ ಮೇಲೆ ಬೋರಲು ಹಾಕಿದರು.

"ಇವತ್ತಿಗೆ ಇಷ್ಟು. ನಾಳೆ ಬಾ, ಐತೆ ನಿನಗೆ!"

ಅತ್ತೆ ಒಳಗೆ ಬಂದು ಬಾಗಿಲ ಹಿಂದೆ ನೆಲದ ಮೇಲೆ ಕೂತುಬಿಟ್ಟರು. ಕೂತು ಅತ್ತರು. ನಾನು ನೀರಿನ ಲೋಟ ಹಿಡಿದು ಹತ್ತಿರ ಹೋದೆ. ಅವರು ಲೋಟ ಬಿಟ್ಟು ನನ್ನ ಮುಂಗೈ ಹಿಡಿದುಕೊಂಡರು.

"ನಾಳೆ ಅಂದ್ಲು ಕಣೋ. ಕೇಳಿಸ್ತಾ? ನಾಳೆ ಬಾ ಅಂದ್ಲು."