ಹೊಗೆ ಮೇಡಂ ಕಡೆಯವರು

ಪೊಲೀಸರು ನಿಲ್ಲುವ ಜಾಗದ ಪಕ್ಕದಲ್ಲಿ ದಿನವಿಡೀ ಕೂತಿರುವವರು ಹಾಸ್ಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಹೆಲ್ಮೆಟ್ ಇಲ್ಲದೆ ಬರುತ್ತದೆ.

ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ರಸ್ತೆಯಲ್ಲಿ, ಹುಣಸೆಮರದ ಕೆಳಗೆ, ವಾಹನಗಳ ಹೊಗೆ ತಪಾಸಣೆ ಮಾಡುವ ವ್ಯಾನ್ ಇಟ್ಟುಕೊಂಡಿದ್ದೇನೆ. ಆ ಮರದ ನೆರಳು ಪೊಲೀಸರಿಗೂ ಬೇಕು. ಅವರು ಬ್ಯಾರಿಕೇಡ್ ಎಳೆದು ಗಾಡಿ ನಿಲ್ಲಿಸುತ್ತಾರೆ. ಹೊಗೆ ಸರ್ಟಿಫಿಕೇಟ್ ಇಲ್ಲದವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಅಲ್ಲಿನ ದಫೇದಾರರು ನನಗೆ ಇಟ್ಟ ಹೆಸರು ಹೊಗೆ ಮೇಡಂ.

ದಫೇದಾರರು ಕೆಟ್ಟವರಲ್ಲ. ಊಟದ ಡಬ್ಬಿ ತೆರೆದರೆ ಮೊದಲು ನನ್ನನ್ನು ಕರೆಯುತ್ತಾರೆ. ಗಾಡಿ ನಿಲ್ಲಿಸಿದಾಗ ಮಾತ್ರ, ಲೈಸೆನ್ಸ್ ಕೇಳುವ ಮೊದಲು ಅವರದೊಂದು ಪ್ರಶ್ನೆ ಇರುತ್ತದೆ: "ಯಾರ ಕಡೆಯವರು?" ಉತ್ತರ ಸರಿಯಾಗಿದ್ದರೆ ಬೇರೆ ಪ್ರಶ್ನೆಗಳಿಲ್ಲ.

ಗೌನಿಪಲ್ಲಿ ಕಡೆ

ಒಂದು ಬೆಳಿಗ್ಗೆ ಮೊಪೆಡ್ ಮೇಲೆ ರಾಗಿ ಹಿಟ್ಟಿನ ಮೂಟೆ ಇಟ್ಟುಕೊಂಡು ಒಬ್ಬ ಯಜಮಾನರು ಬಂದರು. ತಲೆಗೆ ಟವೆಲ್ ಸುತ್ತಿದ್ದರು. ದಫೇದಾರರು ಅವರನ್ನು ನಿಲ್ಲಿಸಿ, ಯಾರ ಕಡೆ ಎಂದು ಕೇಳಿದರು.

"ಗೌನಿಪಲ್ಲಿ ಕಡೆ ಸಾರ್."

"ಯಾವ ಕಡೆ ಅಂತಲ್ಲಪ್ಪ, ಯಾರ ಕಡೆ?"

ಯಜಮಾನರು ಸ್ವಲ್ಪ ಯೋಚಿಸಿ, ಅಮ್ಮನ ಕಡೆಯವರ ಹೆಸರು ಹೇಳಬೇಕೋ ಹೆಂಡತಿ ಕಡೆಯವರದೋ ಎಂದು ವಿಚಾರಿಸಿದರು. ಇವರಿಗೆ ಕನ್ನಡ ಹತ್ತುತ್ತಿಲ್ಲವೇನೋ ಎಂದುಕೊಂಡು ದಫೇದಾರರು ತೆಲುಗಿಗೆ ಹೊರಳಿದರು: "ಎವರೂ ಲೇರಾ?" ಯಾರೂ ಇಲ್ಲವಾ ಎಂದು. ಯಜಮಾನರು ಕೈ ಮುಗಿದು "ಲೇರು ಸಾರ್" ಎಂದರು.

"ಹಂಗಾದ್ರೆ ಹೆಲ್ಮೆಟ್ ಎಲ್ಲಿ?"

"ಅದು ಮನೆ ಕಡೆ ಸಾರ್."

ದಂಡ ಕಟ್ಟಿ ಯಜಮಾನರು ನನ್ನ ವ್ಯಾನಿನ ಹತ್ತಿರ ನೀರು ಕುಡಿಯಲು ಬಂದರು. ಅಷ್ಟರಲ್ಲಿ ಹೆಲ್ಮೆಟ್ ಇಲ್ಲದ ಒಬ್ಬ ಹುಡುಗ ಬುಲೆಟ್ ನಿಲ್ಲಿಸದೆ ಯಾರದೋ ಹೆಸರು ಕೂಗಿ ಹೋಗಿಬಿಟ್ಟ. ಯಜಮಾನರು ಅವನು ಹೋದ ದಿಕ್ಕನ್ನೇ ನೋಡುತ್ತಾ ನಿಂತರು. "ಅಮ್ಮಾ, ಆ ಹೆಸರು ಇನ್ನೊಂದು ಸಲ ಹೇಳು. ವಾಪಸ್ ಬರುವಾಗ್ಲೂ ಇದೇ ದಾರೀಲಿ ಬರ್ಬೇಕು."

ಊದುವವರು

ಮದುವೆಗಳ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೇ ಕುಡಿತದ ತಪಾಸಣೆ ನಡೆಯುತ್ತದೆ. ಬೀಗರೂಟ ಮುಗಿಸಿ ಬರುವ ಗಾಡಿಗಳನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಅಂಥ ಒಂದು ದಿನ ಮುಳಬಾಗಿಲು ಕಡೆಯ ಓಲಗದವರೊಬ್ಬರು ಬೈಕಿನಲ್ಲಿ ಬಂದರು. ಹೆಲ್ಮೆಟ್ ಇತ್ತು, ಕಾಗದ ಪತ್ರ ಎಲ್ಲ ಸರಿಯಿತ್ತು. ಬೆನ್ನಿಗೆ ಉದ್ದನೆಯ ಚೀಲ ಕಟ್ಟಿಕೊಂಡಿದ್ದರು. ಅದರಲ್ಲೇನು ಎಂದು ಕೇಳಿದ್ದಕ್ಕೆ ನಾಗಸ್ವರ ಬಿಚ್ಚಿ ತೋರಿಸಿದರು. ದಫೇದಾರರು ಯಂತ್ರ ಮುಂದೆ ಹಿಡಿದು ಊದು ಎಂದರು. ಊದಿದರು. ಸೊನ್ನೆ ಬಂತು.

ಅವರು ಚೀಲ ಕಟ್ಟಿಕೊಳ್ಳುತ್ತಿದ್ದಾಗ ಒಂದು ದೊಡ್ಡ ಕಾರು ಆ ಪಕ್ಕಕ್ಕೂ ಈ ಪಕ್ಕಕ್ಕೂ ವಾಲಾಡುತ್ತಾ ಬಂದು ಬ್ಯಾರಿಕೇಡಿಗೆ ಮುಟ್ಟಿ ನಿಂತಿತು. ಗಾಜು ಇಳಿಯಿತು. ವ್ಯಾನಿನಲ್ಲಿದ್ದ ನನಗೇ ವಾಸನೆ ಬಂತು. ಅದನ್ನು ಅಳೆಯಲು ಯಂತ್ರ ಬೇಕಾಗಿರಲಿಲ್ಲ. ದಫೇದಾರರು "ಯಾರ..." ಎಂದವರು ಮುಖ ನೋಡಿ ಸೆಲ್ಯೂಟ್ ಹೊಡೆದರು.

ತೊಂದರೆ ಒಂದೇ. ದೂರದಲ್ಲಿ ಜೀಪಿನಲ್ಲಿ ಸಾಹೇಬರು ಕೂತಿದ್ದರು. ನಿಲ್ಲಿಸಿದ ಪ್ರತಿ ಗಾಡಿಗೂ ಯಂತ್ರದ ಚೀಟಿ ಇರಬೇಕು ಎಂಬುದು ಅವರ ಆರ್ಡರ್. ದಫೇದಾರರು ಯಂತ್ರಕ್ಕೆ ಹೊಸ ಕೊಳವೆ ಸಿಕ್ಕಿಸಿ ಓಲಗದವರ ಹತ್ತಿರ ಬಂದು, ಇನ್ನೊಂದು ಸಲ ಊದಪ್ಪ ಎಂದರು. ಅವರು ಕಾರನ್ನು ನೋಡಿದರು, ಕೊಳವೆಯನ್ನು ನೋಡಿದರು, ಊದಿದರು. ಮತ್ತೆ ಸೊನ್ನೆ. ಆ ಚೀಟಿ ಕಾರಿನ ಲೆಕ್ಕಕ್ಕೆ ಹೋಯಿತು. ಕಾರು ಮತ್ತೆ ವಾಲಾಡುತ್ತಾ ಹೊರಟಿತು.

ದಫೇದಾರರಿಗೆ ಸ್ವಲ್ಪ ನಾಚಿಕೆಯಾಗಿರಬೇಕು, ಏನೂ ತಿಳ್ಕೋಬೇಡಿ ಎಂದರು. ಓಲಗದವರು ಹೆಲ್ಮೆಟ್ ಹಾಕಿಕೊಂಡರು. "ಇರ್ಲಿ ಬಿಡಿ ಸಾರ್. ಮದುವೇಲೂ ಅಷ್ಟೇ. ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಒಬ್ಬನೇ ಊದೋದು."

ಅಕ್ಕನ ಬೇಡಿಕೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಟೆಂಪೊ ಓಡಿಸುತ್ತಾರೆ. ಸೀಸನ್‌ನಲ್ಲಿ ಮಾವು, ಉಳಿದ ಕಾಲದಲ್ಲಿ ಟೊಮೇಟೊ. ಗಾಡಿ ಚಾಲೂ ಆದರೆ ಫೋನೂ ಚಾಲೂ. ಕುತ್ತಿಗೆ ವಾಲಿಸಿ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು, ಮಾರುಕಟ್ಟೆಯಲ್ಲಿ ರೇಟು ಎಷ್ಟು ಎಂದು ಕೇಳುತ್ತಾ ಹೋಗುತ್ತಾರೆ. ಗಾಡಿ ಇಳಿದ ಮೇಲೂ ಕುತ್ತಿಗೆ ಸ್ವಲ್ಪ ಹೊತ್ತು ಹಾಗೇ ಇರುತ್ತದೆ.

ಒಂದು ಭಾನುವಾರ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ಲೇ, ನೀನು ದಿನಾ ಪೊಲೀಸ್ರ ಪಕ್ಕದಲ್ಲೇ ಕೂತಿರ್ತೀಯ. ನಿಮ್ಮ ಭಾವನ್ನ ಒಂದು ಸಲ ಹಿಡಿಸೇ. ನಾನ್ ಹೇಳಿದ್ರೆ ನಗ್ತಾರೆ. ಇವತ್ತಲ್ಲ ನಾಳೆ ಎಲ್ಲಾದ್ರೂ ಗುದ್ಕೊಂಡು ಹೋಗ್ತಾರೆ ಕಣೇ." ಹೇಳುವಾಗ ಅವಳ ಕೈ ಮುದ್ದೆ ಕಟ್ಟುವುದನ್ನು ನಿಲ್ಲಿಸಿತ್ತು.

ಮರುದಿನ ದಫೇದಾರರಿಗೆ ಗಾಡಿ ನಂಬರ್ ಸಮೇತ ಹೇಳಿದೆ. ಖಂಡಿತ ಹಿಡಿತೀನಿ ಮೇಡಂ ಎಂದರು. ಟೆಂಪೊ ಬಂತು. ಕುತ್ತಿಗೆ ವಾಲಿತ್ತು. ದಫೇದಾರರು ಕೈ ಅಡ್ಡ ಹಾಕಿದರು. ಭಾವ ಫೋನ್ ತೆಗೆಯದೆ ಹೇಳಿದರು: "ಹೊಗೆ ಮೇಡಂ ಕಡೆ ಸಾರ್."

ದಫೇದಾರರು ಬ್ಯಾರಿಕೇಡ್ ಸರಿಸಿದರು. ಆಮೇಲೆ ನನ್ನ ಹತ್ತಿರ ಬಂದು ಬೇಸರದಿಂದ ಹೇಳಿದರು: "ಏನಮ್ಮಾ, ನಮ್ಮವರೇ ಅಂತ ಮೊದಲೇ ಹೇಳೋದಲ್ವಾ? ಸುಮ್ನೆ ನಿಲ್ಲಿಸಿಬಿಟ್ಟೆ."

ದಂಡ ಯಾರಿಗೆ

ನಾನು ಬಿಡಲಿಲ್ಲ. ಬೇರೆಯವರಿಗೆ ಹಾಕುವ ದಂಡವನ್ನೇ ನಮ್ಮ ಭಾವನಿಗೂ ಹಾಕಿ ಎಂದು ದಿನಾ ಕೇಳಿದೆ. ದಂಡ ಬೇಡ ಎಂದು ಬೇಡಿಕೊಳ್ಳುವವರನ್ನು ದಫೇದಾರರು ಬೇಕಾದಷ್ಟು ನೋಡಿದ್ದರು. ಬೇಕು ಎನ್ನುವವಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಒಂದು ದಿನ ಟೆಂಪೊ ನಿಲ್ಲಿಸಿ, ಭಾವನ ಕಿವಿಯಿಂದ ಫೋನ್ ಕಿತ್ತುಕೊಂಡು, ಆ ಕಡೆ ಮಾತಾಡುತ್ತಿರುವುದು ಯಾರು ಎಂದು ಗದರಿಸಿದರು.

ಫೋನಿನಿಂದ ಬಂದ ದನಿ ನನ್ನ ವ್ಯಾನಿನವರೆಗೂ ಕೇಳಿಸಿತು. ಅಕ್ಕ.

"ನಾನು ಅವರ ಹೆಂಡ್ತಿ ಸಾರ್. ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡ್ತಾ ಇದಾರಾ ಅಂತ ನೋಡೋಕೆ ಫೋನ್ ಮಾಡ್ದೆ."

ದಫೇದಾರರು ಫೋನ್ ವಾಪಸ್ ಕೊಟ್ಟು ನನ್ನ ಕಡೆ ತಿರುಗಿದರು. "ಮೇಡಂ, ದಂಡ ಯಾರ ಹೆಸರಿಗೆ ಬರೀಲಿ?"

ಯಾರ ಹೆಸರಿಗೂ ಬರೆಯಲಿಲ್ಲ. ಅಕ್ಕ ಅವತ್ತಿನಿಂದ ಫೋನ್ ಮಾಡುವುದನ್ನು ಬಿಟ್ಟಳು. ಭಾವ ಬಿಡಲಿಲ್ಲ.

ಇವರ ಕಡೆಯವರು ಯಾರು?

ಮಾವಿನ ಸೀಸನ್ ಮುಗಿಯುತ್ತಾ ಬಂದಿತ್ತು. ಭಾವ ಲೋಡ್ ತುಂಬಿಕೊಂಡು ಬಂದರು. ಬ್ಯಾರಿಕೇಡ್ ಹತ್ತಿರ, ಫೋನ್ ಹಿಡಿದ ಕೈಯಲ್ಲೇ ದಫೇದಾರರಿಗೆ ನಮಸ್ಕಾರ ಮಾಡಿದರು. ದಫೇದಾರರೂ ಕೈ ಎತ್ತಿ, ಬ್ಯಾರಿಕೇಡ್ ಸರಿಸಿ ದಾರಿ ಬಿಟ್ಟರು.

ಮುಂದಿನ ಕೆರೆಯ ತಿರುವಿನಲ್ಲಿ ಟೆಂಪೊ ತಿರುಗಲಿಲ್ಲ. ನೇರ ಹಳ್ಳಕ್ಕೆ ಹೋಯಿತು.

ಹಿಂದೆಯೇ ಬೈಕಿನಲ್ಲಿ ಬರುತ್ತಿದ್ದವರು ಆ ಓಲಗದವರು. ಹಳ್ಳಕ್ಕಿಳಿದು ಭಾವನನ್ನು ಎಳೆದು ಹಾಕಿದವರೂ, ಆಂಬ್ಯುಲೆನ್ಸ್ ಕರೆಸಿ, ಕೋಲಾರದ ಆಸ್ಪತ್ರೆಯವರೆಗೂ ಭಾವನ ತಲೆ ತೊಡೆಯ ಮೇಲಿಟ್ಟುಕೊಂಡು ಬಂದವರೂ ಅವರೇ. ರಸ್ತೆಯಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ಅದಕ್ಕೆ ಕಾರಣ, ಆ ಹೊತ್ತಿಗೆ ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದಷ್ಟೇ.

ಕಾಲು ಮುರಿದಿತ್ತು. ಅದು ಕೂಡುತ್ತದೆ ಎಂದರು ಡಾಕ್ಟರು. ತಲೆಗೂ ಪೆಟ್ಟಾಗಿದೆ, ಮಾತಾಡಿದರೆ ಧೈರ್ಯ ಹೇಳಬಹುದು, ಇಲ್ಲದಿದ್ದರೆ ಈಗಲೇ ಏನೂ ಹೇಳಲಾಗದು ಎಂದರು. ಭಾವ ಮಾತಾಡಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದರು. ಅಕ್ಕ ಅವರ ಕಾಲ ಬಳಿ ನಿಂತಿದ್ದಳು. ಅಳುತ್ತಿರಲಿಲ್ಲ, ಕೂರುತ್ತಲೂ ಇರಲಿಲ್ಲ. ಹೇಳಿಕೆ ತೆಗೆದುಕೊಳ್ಳಲು ಬಂದಿದ್ದ ದಫೇದಾರರು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದರು. ಒಂದು ಸಲ ಮಾತ್ರ ನನ್ನ ಹತ್ತಿರ ಬಂದು, ದಾರಿ ಬಿಟ್ಟಿದ್ದು ನಾನೇ ಅಲ್ವಾ ಮೇಡಂ ಎಂದರು. ನಾನು ಹೌದು ಎಂದೆ.

ಆಗ ನರ್ಸ್ ಬಂದು ವಾರ್ಡಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಕೇಳಿದರು.

"ಈ ಪೇಷಂಟ್ ಯಾರ ಕಡೆಯವರು?"

ನಮ್ಮಲ್ಲಿ ಯಾರೂ ಬಾಯಿ ತೆರೆಯುವ ಮೊದಲೇ ಮಂಚದಿಂದ ದನಿ ಬಂತು. ಕಣ್ಣು ಮುಚ್ಚಿಯೇ ಇತ್ತು.

"ಹೊಗೆ ಮೇಡಂ ಕಡೆ ಸಾರ್... ಬಿಟ್ಬಿಡಿ."

ಮೊದಲು ನಕ್ಕವರು ಓಲಗದವರು. ನಕ್ಕು ಬಾಯಿ ಮುಚ್ಚಿಕೊಂಡರು. ದಫೇದಾರರು ನೆಲ ನೋಡಿದರು. ನರ್ಸ್‌ಗೆ ಏನೂ ಅರ್ಥವಾಗದೆ, ಸರಿಯಾಗಿ ಹೇಳ್ರೀ, ಇವರು ನಿಮ್ಮ ಕಡೆಯವರಾ ಅಲ್ವಾ ಎಂದು ಅಕ್ಕನನ್ನು ಕೇಳಿದರು.

ಅಕ್ಕ ಎರಡು ಕೈಯಲ್ಲೂ ಮಂಚದ ಕಂಬಿ ಹಿಡಿದುಕೊಂಡಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ನಮ್ಮ ಕಡೆಯವರೇ ಸಿಸ್ಟರ್. ಆದ್ರೆ ಈ ಸಲ ಬಿಡ್ಬೇಡಿ."